ಹುಳ ಜ್ವರಕ್ಕೆ ಕೂತಾಗ: ಕೆಲಸದ ಸುಗ್ಗಿಯಲ್ಲಿ ಒಂದು ದಿನದ ಬಿಡುವಿಗೆ ಹನ್ನೊಂದು ಸೂತ್ರಗಳು

ರೇಷ್ಮೆ ಹುಳ ಸಾಕುವ ಮನೆಯಲ್ಲಿ ಬೆಳೆದವರು ಒಂದು ಸದ್ದನ್ನು ಮರೆಯುವುದಿಲ್ಲ. ರಾತ್ರಿಯ ಸೊಪ್ಪು ಹಾಕಿ ದೀಪ ಆರಿಸಿದ ಮೇಲೆ ಹುಳದ ಮನೆಯಿಂದ ಸೋನೆ ಹಿಡಿದ ಹಾಗೆ ಚರಚರ ಕೇಳುತ್ತಲೇ ಇರುತ್ತದೆ. ಸಾವಿರಾರು ಬಾಯಿ ಹಿಪ್ಪುನೇರಳೆ ಎಲೆ ಮೇಯುವ ಸದ್ದು ಅದು. ಕಾವೇರಿಯ ಮಗ್ಗುಲಿನ ಊರು ಸತ್ತೇಗಾಲದ ನಮ್ಮ ಮನೆಯಲ್ಲಿ ಅದನ್ನು ಕೇಳುತ್ತಲೇ ನನಗೆ ನಿದ್ದೆ ಹತ್ತುತ್ತಿತ್ತು. ಯಾವುದೋ ಒಂದು ರಾತ್ರಿ ಸದ್ದು ನಿಂತುಬಿಡುತ್ತಿತ್ತು. ಎದ್ದು ಹೋಗಿ ನೋಡಿದರೆ ತಟ್ಟೆಯ ತುಂಬ ಹುಳಗಳು ತಲೆ ಎತ್ತಿಕೊಂಡು, ಒಂದೂ ಅಲ್ಲಾಡದೆ ಕೂತಿರುತ್ತಿದ್ದವು. ಸತ್ತವೋ ಏನೋ ಎಂದು ಬೆರಳು ಚಾಚಿದರೆ ಅಜ್ಜಿ ಕೈ ಹಿಡಿಯುತ್ತಿದ್ದಳು. "ಮುಟ್ಬ್ಯಾಡ ಮಗ, ಜ್ವರಕ್ಕೆ ಕೂತವೆ. ಇವತ್ತು ಅವುಕ್ಕೆ ಸೊಪ್ಪೂ ಬ್ಯಾಡ, ನಾವೂ ಬ್ಯಾಡ."

ಕಾಯಿಲೆಯಿಂದ ಬರುವ ಜ್ವರ ಅದಲ್ಲ. ಹುಳ ಪೊರೆ ಬಿಡುವ ಹೊತ್ತಿಗೆ ನಮ್ಮ ಕಡೆಯ ಹೆಸರು. ಮೊಟ್ಟೆಯೊಡೆದು ಬಂದ ಹುಳ ಗೂಡು ಕಟ್ಟುವ ತನಕ ಸುಮಾರು ಇಪ್ಪತ್ತೈದು ದಿನ ಬದುಕುತ್ತದೆ. ಅಷ್ಟರಲ್ಲಿ ಅದರ ತೂಕ ಹತ್ತು ಸಾವಿರ ಪಟ್ಟು ಹೆಚ್ಚಬೇಕು. ಇಂಥ ಅವಸರದ ಬದುಕಿನಲ್ಲಿ ಅದು ನಾಲ್ಕು ಸಲ, ಒಂದೊಂದು ಸಲಕ್ಕೂ ಹೆಚ್ಚುಕಡಿಮೆ ಒಂದು ದಿನ, ಮೇವು ಬಿಟ್ಟು ಸುಮ್ಮನೆ ಕೂರುತ್ತದೆ. ಕೂರದಿದ್ದರೆ ಹಳೆಯ ಚರ್ಮದೊಳಗೆ ಬೆಳೆಯಲು ಅದಕ್ಕೆ ಜಾಗವಿಲ್ಲ.

ಪರೀಕ್ಷೆಯ ತಿಂಗಳು, ಮಾರ್ಚ್ ಲೆಕ್ಕ, ನಾಟಿ, ಕೊಯ್ಲು, ಮದುವೆ ಹಂಗಾಮಿನ ಅಂಗಡಿ, ಕಾಯಿಲೆಯವರ ಆರೈಕೆ: ಉಸಿರು ಬಿಡಲು ಹೊತ್ತಿಲ್ಲದ ಇಂಥ ಕಾಲ ಎಲ್ಲರಿಗೂ ಬರುತ್ತದೆ. ಅದರ ನಡುವೆ ಒಂದು ದಿನ ಜ್ವರಕ್ಕೆ ಕೂರುವುದು ಹೇಗೆ? ನನಗೆ ತಿಳಿದಿರುವುದರಲ್ಲಿ ಅರ್ಧ ಹುಳದ ಮನೆಯಲ್ಲಿ ಕಲಿತದ್ದು, ಇನ್ನರ್ಧ ತಪ್ಪು ಮಾಡಿ ಕಲಿತದ್ದು.

1. ವಾರ ಗೊತ್ತುಮಾಡಿ, ಆಮೇಲೆ ಅದರ ಬಗ್ಗೆ ಚರ್ಚೆ ಬೇಡ.

ನಮ್ಮ ಕಡೆ ಸೋಮವಾರ ಆರು ಕಟ್ಟುವುದಿಲ್ಲ, ಎಂದರೆ ನೇಗಿಲು ಹೂಡುವುದಿಲ್ಲ. ಶಿವನ ವಾರ, ಬಸವನ ವಾರ. ಮಲೆ ಮಹದೇಶ್ವರ ಬೆಟ್ಟದ ಮಾದಪ್ಪನ ಒಕ್ಕಲಿನವರಿಗಂತೂ ದೊಡ್ಡ ವಾರ. ಭಾನುವಾರ ರಾತ್ರಿ ಮಳೆ ಬಿದ್ದು ನೆಲ ಹದಕ್ಕೆ ಬಂದಿದ್ದರೂ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. "ಇದೊಂದು ವಾರ ಹೋಗಲಿ" ಎಂದು ಅಪ್ಪ ಹೇಳಿದ್ದನ್ನು ನಾನು ಕೇಳಿಲ್ಲ. ಎತ್ತು ಬಾಯಿಬಿಟ್ಟು ರಜೆ ಕೇಳುವುದಿಲ್ಲವೆಂದೇ ಹಿಂದಿನವರು ಅದನ್ನು ದೇವರ ಹೆಸರಿನಲ್ಲಿ ಕಟ್ಟಿಟ್ಟರು ಎಂದು ನನ್ನ ನಂಬಿಕೆ. ಸುಗ್ಗಿ ಬಂದಾಗೆಲ್ಲ ಹೊಸದಾಗಿ ತೀರ್ಮಾನ ಮಾಡಬೇಕಾದ ರಜೆ ಎಂದೂ ಉಳಿಯುವುದಿಲ್ಲ, ಯಾಕೆಂದರೆ ಪ್ರತಿ ಸಲವೂ ಕೆಲಸದ ಕಡೆಗೇ ಕಾರಣ ಜಾಸ್ತಿ ಇರುತ್ತದೆ.

ಈಗ ಟ್ರ್ಯಾಕ್ಟರು ಬಂದಿದೆ. ಟ್ರ್ಯಾಕ್ಟರಿಗೆ ಸೋಮವಾರವಿಲ್ಲ. ಅದನ್ನು ಓಡಿಸುವ ಹುಡುಗನಿಗೂ ಸೋಮವಾರ ಇಲ್ಲವಾಗಿದೆ. ನಿಮ್ಮ ವಾರ ಯಾವುದೇ ಇರಲಿ, ಕ್ಯಾಲೆಂಡರಿನಲ್ಲಿ ಅದರ ಸುತ್ತ ಈಗಲೇ ಗೆರೆ ಎಳೆಯಿರಿ.

2. ಹಿಂದಿನ ದಿನವೇ ಅಣಿಯಾಗಿ.

ಹುಳ ಜ್ವರಕ್ಕೆ ಕೂರುವ ಮುಂಚೆ ಒಂದು ಕೆಲಸ ಮಾಡುತ್ತದೆ. ಸಣ್ಣದೊಂದು ಎಳೆ ನೂಲು ಬಿಟ್ಟು ಕಾಲನ್ನು ಹಾಸಿಗೆಗೆ ಅಂಟಿಸಿಕೊಳ್ಳುತ್ತದೆ. ಆ ಹಿಡಿತ ಇದ್ದರೆ ಮಾತ್ರ ಹಳೆಯ ಪೊರೆಯನ್ನು ಹಿಂದೆ ಬಿಟ್ಟು ಮುಂದಕ್ಕೆ ತೆವಳಿ ಹೊರಬರಲು ಆದೀತು. ಹುಳ ಸಾಕುವವರೂ ಅತ್ತ ತಮ್ಮ ಪಾಲಿನ ಕೆಲಸ ಮಾಡುತ್ತಾರೆ: ಹಾಸಿಗೆ ತೆಳ್ಳಗೆ ಮಾಡುತ್ತಾರೆ, ಉಳಿದ ಸೊಪ್ಪು ಒಣಗಲೆಂದು ಸುಣ್ಣದ ಪುಡಿ ಉದುರಿಸುತ್ತಾರೆ, ಗಾಳಿಯಾಡಲು ಬಿಡುತ್ತಾರೆ. ತೇವ ಉಳಿದರೆ ರೋಗ.

ನಿಮ್ಮ ಹಾಸಿಗೆಯನ್ನೂ ಒಣಗಿಸಿಡಿ. ನಾಳೆ ಉತ್ತರಕ್ಕಾಗಿ ಕಾಯುವವರಿಗೆ ಇವತ್ತೇ ಹೇಳಿ: "ನಾಳೆ ಸಿಗೋದಿಲ್ಲ, ನಾಡಿದ್ದು ಬೆಳಗ್ಗೆ ನಾನೇ ಫೋನ್ ಮಾಡ್ತೀನಿ." ಕಟ್ಟಬೇಕಾದ ಬಿಲ್ಲು, ತರಬೇಕಾದ ಹಾಲು, ಮಾತ್ರೆ, ಗ್ಯಾಸ್ ಎಲ್ಲವನ್ನೂ ಮುಗಿಸಿ. ಕೊನೆಗೆ ಒಂದು ಚೀಟಿಯಲ್ಲಿ ನಾಡಿದ್ದು ಎದ್ದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಬರೆದು ಮೇಜಿನ ಮೇಲಿಡಿ. ಆ ಚೀಟಿಯೇ ನಿಮ್ಮ ಎಳೆ ನೂಲು. ಅದು ಇಲ್ಲದಿದ್ದರೆ ತಲೆ ಇಡೀ ದಿನ ಬಿಟ್ಟ ಕೆಲಸವನ್ನೇ ಎಣಿಸುತ್ತ ಇರುತ್ತದೆ.

3. ಜ್ವರದಲ್ಲಿ ಸೊಪ್ಪು ಹಾಕಬೇಡಿ.

ಒಂದೇ ಒಂದು ಮೆಸೇಜು, ಒಂದೇ ಒಂದು ಫೋನು, "ಐದು ನಿಮಿಷದ ಕೆಲಸ". ಇವೆಲ್ಲ ಸೊಪ್ಪು. ಪೊರೆ ಬಿಡುವ ಹುಳವನ್ನು ಅಲುಗಾಡಿಸಿದರೆ ಅದರ ನೂಲಿನ ಹಿಡಿತ ತಪ್ಪುತ್ತದೆ, ಪೊರೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಮತ್ತೆ ಸರಿಪಡಿಸಲಾಗದು. ಫೋನನ್ನು ಮನೆಯವರೊಬ್ಬರ ಕೈಗೆ ಕೊಟ್ಟು, ನಿಜವಾದ ತುರ್ತಿದ್ದರೆ ಮಾತ್ರ ಹೇಳಿ ಎನ್ನಿ. ತುರ್ತು ಯಾವುದು ಎಂದು ನಿಮಗಿಂತ ಅವರಿಗೇ ಚೆನ್ನಾಗಿ ಗೊತ್ತಾಗುತ್ತದೆ.

4. ನಿಮ್ಮ ಬಿಡುವಿನ ಭಾರ ಮನೆಯ ಹೆಂಗಸರ ತಲೆ ಮೇಲೆ ಬೀಳಬಾರದು.

ನಿಜ ಹೇಳಬೇಕೆಂದರೆ ಈ ಲೇಖನ ಬರೆಯಲು ಕೂತದ್ದೇ ಇದಕ್ಕಾಗಿ. ನಮ್ಮ ಮನೆಗಳಲ್ಲಿ ಗಂಡಸಿಗೆ ರಜೆ ಎಂದರೆ ಹೆಂಗಸಿಗೆ ಎರಡು ಪಟ್ಟು ಕೆಲಸ. ಯಜಮಾನರು ಮನೆಯಲ್ಲಿದ್ದಾರೆಂದು ಬೆಳಗ್ಗೆ ದೋಸೆ, ಮಧ್ಯಾಹ್ನ ಮುದ್ದೆಯ ಜೊತೆ ವಿಶೇಷದ ಸಾರು, ನಾಲ್ಕು ಗಂಟೆಗೆ ಬೋಂಡ. ನಡುವೆ ನೆಂಟರು ಬಂದರೆ ಇನ್ನೊಂದು ಸುತ್ತು ಕಾಫಿ. ಸಂಜೆ ಅವರು "ಇವತ್ತು ಹಗುರಾಯ್ತು" ಎಂದು ಮೈಮುರಿಯುವ ಹೊತ್ತಿಗೆ ಅವಳು ಪಾತ್ರೆಯ ರಾಶಿಯ ಮುಂದೆ ಕೂತಿರುತ್ತಾಳೆ.

ಹುಳದ ಮನೆಯಲ್ಲಿ ಇದನ್ನು ಹತ್ತಿರದಿಂದ ಕಂಡಿದ್ದೇನೆ. ಸೊಪ್ಪು ಕುಯ್ಯುವುದು, ಹೆಚ್ಚುವುದು, ಕಸ ತೆಗೆಯುವುದು, ನಡುರಾತ್ರಿ ಎದ್ದು ಮೇವು ಹಾಕುವುದು, ಹೆಚ್ಚಿನ ಪಾಲು ಅಮ್ಮನದು, ಅಜ್ಜಿಯದು. ಹುಳ ಜ್ವರಕ್ಕೆ ಕೂತ ದಿನ ಅವರಿಗೂ ಕೈ ಬಿಡುವಾಗಬೇಕಿತ್ತು. ಆದರೆ ಅಷ್ಟು ದಿನ ಬಾಕಿ ಬಿದ್ದಿದ್ದ ಬಟ್ಟೆ, ರಾಗಿ ಹಸನು ಮಾಡುವುದು, ಹಟ್ಟಿ ಸಾರಿಸುವುದು ಎಲ್ಲವೂ ಆ ದಿನಕ್ಕೇ ಕಾದಿರುತ್ತಿದ್ದವು. ಹುಳ ಕೂತಿತು, ಅಮ್ಮ ಕೂರಲಿಲ್ಲ. ಅವಳ ಬೆನ್ನುನೋವು ಎಲ್ಲಿಂದ ಬಂತೆಂದು ನಮಗೆ ಆಮೇಲೆ ಅರ್ಥವಾಯಿತು.

ಅದಕ್ಕೆ ಇಷ್ಟು ಮಾಡಿ. ಬಿಡುವಿನ ದಿನ ಒಲೆ ಒಂದೇ ಹೊತ್ತು ಹೊತ್ತಲಿ. ಮೊಸರನ್ನ, ಅವಲಕ್ಕಿ, ರಾಗಿ ಅಂಬಲಿ, ಹಣ್ಣು ಸಾಕು. ಆ ಒಂದು ಹೊತ್ತು ಗಂಡಸರು ಅಡುಗೆ ಮಾಡಲಿ. ಬರುವುದಿಲ್ಲ ಎನ್ನುವ ಮಾತನ್ನು ನಾನು ನಂಬುವುದಿಲ್ಲ. ಮಾದಪ್ಪನ ಪರದ ದಿನ, ಎಂದರೆ ದೇವರ ಹೆಸರಿನ ಊಟದ ದಿನ, ಕೊಪ್ಪರಿಗೆಯ ಮುಂದೆ ಬೆವರಿಳಿಸುತ್ತ ನೂರಾರು ಜನಕ್ಕೆ ಬೇಯಿಸುವ ಗಂಡಸರನ್ನು ನೋಡಿಯೇ ಬೆಳೆದಿದ್ದೇನೆ. ನೂರು ಜನಕ್ಕೆ ಮಾಡುವವರಿಗೆ ನಾಲ್ಕು ಜನಕ್ಕೆ ಮಾಡುವುದು ಕಷ್ಟವೇ? ಬಾಕಿ ಬಿದ್ದ ಬಟ್ಟೆಯನ್ನು ಇನ್ನೊಂದು ದಿನಕ್ಕೆ ಬಿಡಿ, ಇಲ್ಲವೆ ಎಲ್ಲರೂ ಸೇರಿ ಹಿಂದಿನ ಸಂಜೆಯೇ ಮುಗಿಸಿ.

5. ನಿಮ್ಮ ಕೈಕೆಳಗೆ ದುಡಿಯುವವರಿಗೂ ಆ ದಿನ ಸಿಗಲಿ.

ವಾರದ ರಜೆ ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟದ್ದೆಂದು ತಿಳಿಯಬೇಡಿ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಕೂಲಿಕಾರರು ವಾರದ ಏಳೂ ದಿನ ದುಡಿಯುತ್ತಿದ್ದ ಕಾಲದಲ್ಲಿ, ಜೋತಿಬಾ ಫುಲೆಯವರ ಜೊತೆಗಾರ ನಾರಾಯಣ ಮೇಘಾಜಿ ಲೋಖಂಡೆ 1884ರಿಂದ ಸಭೆ ಸೇರಿಸಿ ಒತ್ತಾಯ ಹೂಡಿದರು. ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದ್ದು 1890ರ ಜೂನ್ 10ರಂದು. ನಮ್ಮ ರಾಜ್ಯದಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅಂಗಡಿ ಕೆಲಸಗಾರರಿಗೂ ವಾರಕ್ಕೆ ಒಂದು ಪೂರ್ತಿ ದಿನದ ರಜೆ ಹೇಳುತ್ತದೆ.

ಆ ಕಾಯ್ದೆ ಹೊಲದ ಕೂಲಿಯವರನ್ನು ಮುಟ್ಟುವುದಿಲ್ಲ. ದಿನಗೂಲಿಯವರಿಗೆ ಬಿಡುವೆಂದರೆ ಆ ದಿನದ ಅನ್ನಕ್ಕೆ ಕತ್ತರಿ. "ವಿಶ್ರಾಂತಿ ತಗೊಳ್ಳಿ" ಎಂದು ಅವರಿಗೆ ಬರಿಗೈಯಲ್ಲಿ ಹೇಳುವುದು ತಪ್ಪು. ಸೊಪ್ಪು ಕುಯ್ಯಲು ಇಡೀ ಬೆಳೆಗೆ ಒಬ್ಬಾಕೆಯನ್ನು ಒಪ್ಪಿಕೊಂಡಿದ್ದರೆ, ಜ್ವರದ ದಿನದ ಕೂಲಿಯನ್ನೂ ಸೇರಿಸಿ ಲೆಕ್ಕ ಕೊಡಿ. ಒಂದು ಬೆಳೆಯ ಖರ್ಚಿನಲ್ಲಿ ಅದು ದೊಡ್ಡದಲ್ಲ, ಆಕೆಯ ಮನೆಯಲ್ಲಿ ಅದು ದೊಡ್ಡದು.

6. ಮೊದಲು ನಿದ್ದೆ.

ಅಲಾರಂ ಇಡಬೇಡಿ. ಬೆಳಗ್ಗೆ ತಾನಾಗಿ ಎಚ್ಚರವಾದಾಗ ಎದ್ದು, ಮಧ್ಯಾಹ್ನ ಉಂಡ ಮೇಲೆ ಅರ್ಧ ಗಂಟೆ ಮಲಗಿ. ಸಂಜೆವರೆಗೆ ಮಲಗಿದರೆ ರಾತ್ರಿಯ ನಿದ್ದೆ ಹಾಳು. ಇದಕ್ಕಿಂತ ಹೆಚ್ಚು ಹೇಳಲು ಏನಿಲ್ಲ. ಒಂದು ಎಚ್ಚರಿಕೆ ಮಾತ್ರ: ಚೆನ್ನಾಗಿ ಮಲಗಿ ಎದ್ದರೂ ವಾರಗಟ್ಟಲೆ ಸುಸ್ತು ಬಿಡದಿದ್ದರೆ, ಮೆಟ್ಟಿಲು ಹತ್ತಿದರೆ ಏದುಸಿರು ಬಂದರೆ, ಅದು ರಜೆಯಿಂದ ಹೋಗುವಂಥದ್ದಲ್ಲ. ಡಾಕ್ಟರ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

7. ಹೊಳೆ ದಡಕ್ಕೆ ಹೋಗಿ, ಆದರೆ ಒಂದೇ ಕಡೆಗೆ ಹೋಗಿ.

ಸತ್ತೇಗಾಲ ಹ್ಯಾಂಡ್‌ಪೋಸ್ಟಿನಲ್ಲಿ ಭಾನುವಾರ ನಿಂತರೆ ಕಾಣುತ್ತದೆ. ಬೆಂಗಳೂರಿನಿಂದ, ಮೈಸೂರಿನಿಂದ ಬಂದ ಕಾರುಗಳು ಭರಚುಕ್ಕಿ ಜಲಪಾತದ ದಾರಿ ಕೇಳುತ್ತವೆ. ಒಳಗಿನವರ ಪಟ್ಟಿ ಉದ್ದ: ಬೆಳಗ್ಗೆ ಗಗನಚುಕ್ಕಿ, ಆಮೇಲೆ ಭರಚುಕ್ಕಿ, ಮಧ್ಯರಂಗನ ದರ್ಶನ, ಮಧ್ಯಾಹ್ನ ತಲಕಾಡು, ಹೊತ್ತು ಉಳಿದರೆ ಸೋಮನಾಥಪುರ. ರಾತ್ರಿ ಹನ್ನೊಂದಕ್ಕೆ ಮನೆ ಸೇರಿ, ಸೋಮವಾರ ಭಾನುವಾರಕ್ಕಿಂತ ದಣಿದು ಕೆಲಸಕ್ಕೆ ಹೋಗುತ್ತಾರೆ. ನಮ್ಮೂರಿಗೆ ಬರುವವರನ್ನು ಬೇಡ ಎನ್ನುವವನಲ್ಲ ನಾನು. ಬನ್ನಿ, ಆದರೆ ಒಂದು ಜಾಗ ಆರಿಸಿಕೊಳ್ಳಿ. ಭರಚುಕ್ಕಿಯ ಎದುರು ಎರಡು ಗಂಟೆ ಕೂರಿ. ನೀರು ಒಂದೇ ಧಾರೆಯಾಗಿ ಬೀಳದೆ ಬಂಡೆಯ ಉದ್ದಕ್ಕೂ ಹರಡಿಕೊಂಡು ಇಳಿಯುತ್ತದೆ. ಮೊದಲ ಹತ್ತು ನಿಮಿಷ ಫೋಟೋಗೆ ಹೋಗುತ್ತದೆ. ಆಮೇಲೆ ಕಿವಿ ಸದ್ದಿಗೆ ಒಗ್ಗುತ್ತದೆ, ಅದಾದ ಮೇಲೆ ತಲೆ ಒಗ್ಗುತ್ತದೆ.

ನೀರಿಗೆ ಮಾತ್ರ ಇಳಿಯಬೇಡಿ. ಮೇಲೆ ಕನ್ನಂಬಾಡಿ, ಕಬಿನಿ ಕಟ್ಟೆಗಳಿಂದ ನೀರು ಬಿಟ್ಟಾಗ ಹೊಳೆ ಏರುತ್ತದೆ. ಶಾಂತವಾಗಿ ಕಾಣುವ ಕಡೆಯೇ ಮಡು ಇರುತ್ತದೆ, ಬಂಡೆಯ ಮೇಲೆ ಪಾಚಿ ಇರುತ್ತದೆ. ಊರಿನವರು ಬೇಡವೆಂದ ಕಡೆ ಕಾಲಿಡಬೇಡಿ. ಬಿಡುವಿಗೆಂದು ಬಂದವರ ಹೆಣ ಹುಡುಕಲು ತೆಪ್ಪ ಇಳಿಸುವಾಗ ಊರಿಗೆ ಊರೇ ದಡದಲ್ಲಿ ಉಣ್ಣದೆ ನಿಂತಿರುತ್ತದೆ.

8. ಜಾತ್ರೆಯನ್ನು ಬಿಡುವಿನ ಲೆಕ್ಕಕ್ಕೆ ಹಾಕಬೇಡಿ.

ಚಿಕ್ಕಲ್ಲೂರು ಜಾತ್ರೆ ಜನವರಿಯ ಹುಣ್ಣಿಮೆಗೆ ಚಂದ್ರಮಂಡಲದ ಆಚರಣೆಯಿಂದ ಶುರುವಾಗಿ ಐದು ದಿನ ನಡೆಯುತ್ತದೆ. ಅಲ್ಲಿನ ದೇವರು ಸಿದ್ದಪ್ಪಾಜಿಯ ಒಕ್ಕಲಿನವರು ಸಂಸಾರ ಸಮೇತ ಬಿಡಾರ ಹೂಡುತ್ತಾರೆ. ಅದು ಬೇಕು; ವರ್ಷವೆಲ್ಲ ದುಡಿದ ಮನಸ್ಸಿಗೆ ನೀಲಗಾರರ ಹಾಡು, ನೆಂಟರ ಪಂಕ್ತಿ, ಮಕ್ಕಳ ಗಲಾಟೆ ಬೇಕೇ ಬೇಕು. ಆದರೆ ಜಾತ್ರೆಯಿಂದ ಬಂದವನ ಮೈ ಮಾರನೆಯ ದಿನ ಏನು ಹೇಳುತ್ತದೆಂದು ಹೋಗಿ ಬಂದವರಿಗೆ ಗೊತ್ತು. ಮದುವೆ, ಗೃಹಪ್ರವೇಶ, ಮಾದಪ್ಪನ ಬೆಟ್ಟಕ್ಕೆ ರಾತ್ರಿ ಬಸ್ಸು ಹತ್ತುವುದು ಎಲ್ಲಕ್ಕೂ ಇದೇ ಮಾತು. ಅವುಗಳ ಮರುದಿನವನ್ನು ಬೇರೆಯಾಗಿ ತೆಗೆದಿಡಿ.

9. ನೀರಿರುವಾಗಲೇ ಕಟ್ಟೆ ತುಂಬಿಸಿ.

ನಮ್ಮೂರಿನ ಮಗ್ಗುಲಲ್ಲೇ ಕಾವೇರಿ ಕವಲೊಡೆದು ಶಿವನಸಮುದ್ರದ ದ್ವೀಪವನ್ನು ಬಳಸುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಕೈಗೆತ್ತಿಕೊಂಡ ಯೋಜನೆಯಿಂದ 1902ರಲ್ಲಿ ಇಲ್ಲಿನ ನೀರು ವಿದ್ಯುತ್ತಾಗಿ, ನೂರನಲವತ್ತು ಕಿಲೋಮೀಟರಿಗೂ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹೊತ್ತಿದ್ದು ಇದೇ ಕರೆಂಟಿನಿಂದ. ತೊಂದರೆ ಬಂದದ್ದು ಬೇಸಿಗೆಯಲ್ಲಿ. ಗಣಿಗೆ ಹಗಲೂ ರಾತ್ರಿ ಒಂದೇ ಸಮ ವಿದ್ಯುತ್ ಬೇಕು, ಹೊಳೆಯಲ್ಲಿ ಮಾತ್ರ ನೀರು ಬತ್ತುತ್ತಿತ್ತು. 1911ರಲ್ಲಿ ಕನ್ನಂಬಾಡಿಯಲ್ಲಿ ಅಣೆಕಟ್ಟೆಯ ಕೆಲಸ ಶುರುವಾಗಲು ನೀರಾವರಿಯಷ್ಟೇ ಈ ಚಿಂತೆಯೂ ಕಾರಣ. ಮುಂಗಾರಿನಲ್ಲಿ ಉಕ್ಕಿ ಹರಿದು ಹೋಗುವ ನೀರನ್ನು ಹಿಡಿದಿಟ್ಟರೆ ಬೇಸಿಗೆಯಲ್ಲೂ ಶಿವನಸಮುದ್ರದ ಚಕ್ರ ತಿರುಗುತ್ತದೆ ಎಂಬ ಲೆಕ್ಕ.

ನಾವು ಇದರ ತಿರುವುಮುರುವು ಮಾಡುತ್ತೇವೆ. ಪೂರ್ತಿ ಬತ್ತಿದ ಮೇಲೆ ಬಿಡುವು ಹುಡುಕುತ್ತೇವೆ. ನಾನು ಲೆಕ್ಕಪತ್ರದ ಕೆಲಸದಲ್ಲಿದ್ದ ದಿನಗಳಲ್ಲಿ ಒಂದು ಮಾರ್ಚ್ ತಿಂಗಳು ಮೂರು ವಾರ ಒಂದು ದಿನವೂ ಬಿಡದೆ ದುಡಿದೆ. ಎರಡನೆಯ ವಾರದ ಕೊನೆಗೆ ಮೈಯಲ್ಲಿ ಇನ್ನೂ ಕಸುವಿತ್ತು. ಆಗ ಒಂದು ದಿನ ನಿಂತಿದ್ದರೆ ಸಾಕಿತ್ತು. ನಿಲ್ಲಲಿಲ್ಲ. ಮೂರನೆಯ ವಾರ ಒಂದು ಕಡೆ ಅಂಕಿ ಅದಲುಬದಲಾಗಿ ಬರೆದೆ. ಹುಡುಕಿ ತೆಗೆಯಲು ನಾಲ್ಕು ದಿನ ಹಿಡಿಯಿತು, ನನ್ನ ಜೊತೆ ಇನ್ನಿಬ್ಬರ ಭಾನುವಾರವೂ ಹೋಯಿತು. ಉಳಿಸಿದ ಒಂದು ದಿನಕ್ಕೆ ತೆತ್ತ ಬೆಲೆ ಅದು. ಈಗ ಕೆಲಸದ ಸುಗ್ಗಿ ಶುರುವಾದ ಹತ್ತು ದಿನಕ್ಕೆ, ಸುಸ್ತಿರಲಿ ಇಲ್ಲದಿರಲಿ, ಒಂದು ದಿನ ಕೂತುಬಿಡುತ್ತೇನೆ.

10. ಹಣ್ಣುಹುಳದ ದಿನ ಮಾತ್ರ ರಜೆ ಇಲ್ಲ.

ಇದನ್ನೂ ಹೇಳಬೇಕು. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ತನ್ನ ಬದುಕಿನ ಮೇವಿನಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಒಂದೇ ವಾರದಲ್ಲಿ ತಿಂದು, ಮೈ ಹೊಳಪಾಗಿ ಹಣ್ಣಾಗುತ್ತದೆ. ಹಣ್ಣಾದ ಹುಳವನ್ನು ಕೂಡಲೇ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ನೂಲು ಬಿಟ್ಟು ರೇಷ್ಮೆ ಹಾಳು. ಆ ಒಂದೆರಡು ದಿನ ಅಜ್ಜಿಯಿಂದ ಹಿಡಿದು ಶಾಲೆ ಹುಡುಗರ ತನಕ ಎಲ್ಲರೂ ಹುಳದ ಮನೆಯಲ್ಲೇ. ಹೆರಿಗೆ, ಪರೀಕ್ಷೆಯ ಹಿಂದಿನ ದಿನ, ತೆನೆ ಕೊಯ್ದು ಹಾಕಿದಾಗ ಮೋಡ ಕವಿಯುವುದು, ಇವೆಲ್ಲ ಹಣ್ಣುಹುಳದ ದಿನಗಳು. ಆಗ ದುಡಿಯಲೇಬೇಕು. ಆದರೆ ಪ್ರತಿ ದಿನವನ್ನೂ ಹಣ್ಣುಹುಳದ ದಿನವೆನ್ನುವ ಯಜಮಾನನ ಮಾತು ಕೇಳಬೇಡಿ. ಇಪ್ಪತ್ತೈದು ದಿನದಲ್ಲಿ ಅವು ಒಂದೆರಡೇ.

11. ಎದ್ದ ಮೊದಲ ಹೊತ್ತಿಗೆ ಎಳೆ ಸೊಪ್ಪು.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೆಳೆ. ಮನೆಯವರೆಲ್ಲ ಮದುವೆಗೆ ಹೋಗಿದ್ದರು, ನಾಲ್ಕನೇ ಜ್ವರಕ್ಕೆ ಕೂತ ಹುಳದ ಕಾವಲಿಗೆ ನಾನೊಬ್ಬ. ಬೆಳಗ್ಗೆ ನೋಡಿದರೆ ಅರ್ಧದಷ್ಟು ಹುಳ ಪೊರೆ ಬಿಟ್ಟು ತಲೆ ಆಡಿಸುತ್ತಿದ್ದವು. ಹಸಿದಿವೆ ಎಂದು ಮರುಕವಾಗಿ ಬುಟ್ಟಿ ತುಂಬ ಸೊಪ್ಪು ಸುರಿದೆ. ಮಧ್ಯಾಹ್ನ ಬಂದ ಅಪ್ಪ ತಟ್ಟೆ ನೋಡಿ ತುಸು ಹೊತ್ತು ಮಾತಾಡಲಿಲ್ಲ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹುಳ ಎದ್ದ ಮೇಲೆ, ಪುಡಿ ಉದುರಿಸಿ ಅರ್ಧ ಗಂಟೆ ಬಿಟ್ಟು ಮೊದಲ ಮೇವು ಹಾಕಬೇಕು ಎಂಬುದನ್ನು ನಾನು ಕೇಳಿದ್ದೆ, ಮನಸ್ಸಿಗೆ ತಂದುಕೊಂಡಿರಲಿಲ್ಲ. ಮೊದಲು ತಿಂದವು ಮುಂದೆ ಹೋದವು, ಇನ್ನೂ ಪೊರೆಯಲ್ಲಿದ್ದವು ಸೊಪ್ಪಿನಡಿ ಸಿಕ್ಕವು. ಕೊನೆಗೆ ಹಣ್ಣಾಗುವಾಗ ಒಂದಷ್ಟು ಇವತ್ತು, ಒಂದಷ್ಟು ನಾಳೆ, ಒಂದಷ್ಟು ನಾಡಿದ್ದು. ಗೂಡು ಸಮನಾಗಿರಲಿಲ್ಲ, ಮಾರುಕಟ್ಟೆಯಲ್ಲಿ ರೇಟು ಬರಲಿಲ್ಲ.

ಬಿಡುವಿನ ಮರುದಿನದ ಬೆಳಗ್ಗೆ ಬಾಕಿ ಕೆಲಸವನ್ನೆಲ್ಲ ಒಟ್ಟಿಗೆ ತಲೆಗೆ ಸುರಿದುಕೊಳ್ಳಬೇಡಿ. ಮೇಜಿನ ಮೇಲಿಟ್ಟ ಚೀಟಿಯ ಒಂದೇ ಕೆಲಸದಿಂದ ಶುರುಮಾಡಿ. ಕೆಲಸದವರ ಮೇಲೂ ಎದ್ದ ಕೂಡಲೇ ಹರಿಹಾಯಬೇಡಿ. ಮಧ್ಯಾಹ್ನದ ಹೊತ್ತಿಗೆ ಕೈ ತಾನಾಗಿ ಓಟ ಹಿಡಿಯುತ್ತದೆ.

ಮುಂದಿನ ಬೆಳೆಯ ನಾಲ್ಕನೇ ಜ್ವರಕ್ಕೆ ಅಪ್ಪ ನನ್ನನ್ನೇ ಹುಳದ ಮನೆಯಲ್ಲಿ ಕೂರಿಸಿದರು. ಬೈಗುಳವಿಲ್ಲ, ಪಾಠವಿಲ್ಲ. ಬೆಳಗ್ಗೆ ಅರ್ಧ ಎದ್ದವು, ನಾನು ಕಾದೆ. ಬಿಸಿಲೇರಿತು, ಮುಕ್ಕಾಲು ಎದ್ದವು, ಇನ್ನೂ ಕಾದೆ. ಬಾಗಿಲಲ್ಲಿ ಬುಟ್ಟಿಯಲ್ಲಿದ್ದ ಸೊಪ್ಪು ಬಾಡದಿರಲೆಂದು ಒದ್ದೆ ಗೋಣಿ ಮುಚ್ಚಿ ಮತ್ತೆ ಬಂದು ಕೂತೆ. ಸಂಜೆ ಅಜ್ಜಿ ಒಳಗೆ ಬಂದು, ತಟ್ಟೆಯ ಮೇಲೆ ಬಗ್ಗಿ ಮೂಲೆಯಿಂದ ಮೂಲೆಗೆ ಕಣ್ಣಾಡಿಸಿ, "ಈಗ ಹಾಕು ಮಗ" ಎಂದಳು. ಎಳೆ ಎಲೆಗಳನ್ನು ಒಂದೊಂದಾಗಿ ಹರಡಿದೆ. ಸ್ವಲ್ಪ ಹೊತ್ತಿಗೆ ಸೋನೆಯ ಸದ್ದು ಮತ್ತೆ ಶುರುವಾಯಿತು.